ಕಾರಂಜಿಗೆ ಹೋಗುವ ದಾರಿಯಲ್ಲಿ ಟೀ

ತಾಷ್ಕೆಂಟಿನಲ್ಲಿ ಅದು ನನ್ನ ಕೊನೆಯ ಸಂಜೆ. ಉಣ್ಣೆ ಮೇಳದಲ್ಲಿ ನನ್ನ ಎದುರಿನ ಮಳಿಗೆಯಲ್ಲಿದ್ದ ಮೊಹಿರಾ, ಎಂಟಕ್ಕೆ ಕಾರಂಜಿಯ ಹತ್ತಿರ ಬನ್ನಿ ಎಂದಿದ್ದಳು. ‘ನಮ್ಮೂರನ್ನ ರಾತ್ರೀನೇ ನೋಡಬೇಕು.’ ನನಗೆ ನೋಡಬೇಕಿದ್ದದ್ದು ಅವಳನ್ನು. ಮೂರು ದಿನದಲ್ಲಿ ನಾವು ಆಡಿದ್ದ ಮಾತೆಲ್ಲ ಸೇರಿದರೆ ಒಂದು ಕಾಗದದ ಹಾಳೆ ತುಂಬುತ್ತಿರಲಿಲ್ಲ. ಅದರಲ್ಲಿ ನನ್ನದು ಬರೀ ಹೂಂ, ಉಹೂಂ.

ಕೋಣೆಯಿಂದ ಕಾರಂಜಿಗೆ ಹತ್ತು ನಿಮಿಷದ ಓಣಿ. ಸೆಂಟು ಸುರಿದುಕೊಂಡು ಏಳಕ್ಕೇ ಹೊರಟೆ.

ರೊಟ್ಟಿ ಅಂಗಡಿಯ ಮುದುಕ ತಂದೂರಿನ ಪಕ್ಕದಿಂದ ಕೂಗಿದ. ‘ಬಾ ತಮ್ಮ, ಒಳಗೆ ಬಾ, ಟೀ ಕುಡ್ಕೊಂಡು ಹೋಗು.’

ಕಿರ್ಗಿಸ್ತಾನದಲ್ಲಿ, ನಮ್ಮ ನಾರಿನ್ ಕಡೆ, ಹಾಗೆ ಕರೆದಾಗ ರೊಟ್ಟಿಯ ಚೂರನ್ನಾದರೂ ಮುರಿದು ಬಾಯಿಗೆ ಹಾಕದೆ ಹೋಗುವಂತಿಲ್ಲ. ನನ್ನಜ್ಜಿ ಇದಕ್ಕಾಗಿ ಹೊರಟ ಬಸ್ಸನ್ನೇ ನಿಲ್ಲಿಸಿದವಳು. ಒಳಗೆ ಹೋದೆ. ಮುದುಕ ಒಂದು ಕ್ಷಣ ನನ್ನನ್ನೇ ನೋಡಿ, ಮಡಿಸಿಟ್ಟಿದ್ದ ಚಾಪೆ ಬಿಡಿಸಿದ.

ಮುಂದೆ ಒಣಹಣ್ಣಿನ ಅಂಗಡಿಯಾಕೆ ಕರೆದಳು. ಹಾಕಿದ ಬೀಗ ತೆಗೆದು, ಕೆಟಲ್ ಇಟ್ಟಳು. ನನ್ನ ಮುಖದಲ್ಲೇ ಏನೋ ಇದೆ, ಜನ ನೋಡಿದ ಕೂಡಲೇ ಸೋಲುತ್ತಾರೆ ಎಂದು ತೀರ್ಮಾನಿಸಿದೆ. ಕ್ಷೌರದಂಗಡಿಯವನೂ ಕರೆದ. ಆ ಮುಖ ಹೊತ್ತು ಅಲ್ಲಿಗೂ ನುಗ್ಗಿದೆ.

ಎರಡನೇ ಬಟ್ಟಲು ಟೀಗೆ ಕ್ಷೌರದ ಹಮ್ದಾಮ್ ನಿಟ್ಟುಸಿರು ಬಿಟ್ಟ. ‘ಕಿರ್ಗಿಜನಾ ನೀನು?’

‘ಹೌದಣ್ಣ.’

‘ಅದಕ್ಕೇ ಮತ್ತೆ. ನೋಡು, ಹೋಗೋ ಬರೋರಿಗೆಲ್ಲ ನಾವು ಟೀಗೆ ಬಾ ಅಂತ ಸುಮ್ನೆ ಬಾಯಿಮಾತಿಗೆ ಅನ್ನೋದು. ನೀನು ಎದೆ ಮೇಲೆ ಕೈ ಇಟ್ಟು, ಉಪಕಾರ ಆಯ್ತು ಅಂತ ಹೋಗ್ತಾ ಇರಬೇಕು. ಎರಡು ಸಲ ಕರೆದ್ರೂ ಅಷ್ಟೇ.’

‘ಹಾಗಾದ್ರೆ ರೊಟ್ಟಿ ಅಜ್ಜ?’

‘ಅವನು ಆಗ್ಲೇ ಬಂದು ಹೇಳಿ ಹೋದ, ಒಬ್ಬ ಬರ್ತಾ ಇದ್ದಾನೆ, ಬಾಗಿಲು ಹಾಕ್ಕೋ ಅಂತ. ನನ್ನ ಬಾಯಿ ಕೇಳಬೇಕಲ್ಲ.’

ಗಡಿಯಾರ ನೋಡಿದೆ. ಎಂಟೂ ಇಪ್ಪತ್ತು. ಓಡಿದೆ.

ಕಾರಂಜಿಯ ಸುತ್ತ ಊರೇ ನೆರೆದಿತ್ತು. ಡೋಲು, ದೀಪ, ಮಕ್ಕಳ ಕೈಯಲ್ಲಿ ಕರಗುವ ಐಸ್‌ಕ್ರೀಂ, ಲಯ ತಪ್ಪಿದರೂ ನಿಲ್ಲಿಸದೆ ಕುಣಿಯುವ ಹೆಂಗಸರು. ಮೊಹಿರಾ ಟ್ಯಾಕ್ಸಿಯ ಬಾಗಿಲು ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಅವಳ ಗೆಳತಿ ಗುಲ್ಚೆಹ್ರಾ.

‘ಕಾದು ಕಾದು ಸಾಕಾಯ್ತು ತಿಲೆಕ್,’ ಎಂದಳು ಮೊಹಿರಾ. ‘ಬನ್ನಿ, ಮನೆಗೆ ಹೋಗೋಣ. ಟೀ ಕುಡೀರಂತೆ.’

ನಾನೀಗ ತಿಳಿದವನು. ಎದೆಯ ಮೇಲೆ ಕೈ ಇಟ್ಟೆ. ‘ಉಪಕಾರ ಆಯ್ತು.’

‘ಅಮ್ಮ ಮಧ್ಯಾಹ್ನದಿಂದ ಪಲಾವ್ ಮಾಡ್ತಾ ಇದ್ದಾರೆ.’

ಸುಮ್ಮನೆ ಕರೆಯುವಾಗಲೂ ಎಷ್ಟು ವಿವರ, ಎಂಥ ನಯ. ಇನ್ನಷ್ಟು ಬಾಗಿದೆ. ತಲೆ ಎತ್ತುವಷ್ಟರಲ್ಲಿ ಮೊಹಿರಾಳ ಟ್ಯಾಕ್ಸಿ ಹೊರಟಿತ್ತು.

ಗುಲ್ಚೆಹ್ರಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ‘ಹುಡುಗಿ ತಾಯಿಗೆ ತೋರಿಸೋಕೆ ಕರೆದ್ರೆ ನಿಮ್ಮ ಕಡೆ ಹೀಗಾ ಮಾಡೋದು?’

ಟ್ಯಾಕ್ಸಿ ಹೋದ ದಿಕ್ಕಿಗೆ ನಾಲ್ಕು ಹೆಜ್ಜೆ ಓಡಿ ವಾಪಸ್ ಬಂದೆ. ‘ಮನೆ ಎಲ್ಲಿ ಹೇಳಿ, ಈಗಲೇ ಹೋಗ್ತೀನಿ.’

‘ಈಗ ಹೋದ್ರೆ ಕರೆಯದೆ ಬಂದೋರಾಗ್ತೀರಿ. ಕುಣಿಯೋಕಾದ್ರೂ ಬರುತ್ತಾ ಇಲ್ವಾ?’

ಇದು ನಿಜದ ಕರೆಯೋ, ಬಾಯಿಮಾತೋ? ನಾನು ಯೋಚಿಸುತ್ತಾ ನಿಂತೆ. ಅವಳು ತೋಳು ಹಿಡಿದು ಎಳೆದಳು.