ಹಳದಿ ಟೀಮಿಗೊಬ್ಬ ಲಿಫ್ಟರ್

ನಾನು ಕೂತಲ್ಲಿ ಕೂರುವವನಲ್ಲ, ನಿಂತಲ್ಲಿ ನಿಲ್ಲುವವನಲ್ಲ ಎಂದು ನನ್ನ ಹೆಂಡತಿ ಲವಿಟಾ ಬಂದವರ ಮುಂದೆಲ್ಲ ಹೇಳುತ್ತಾಳೆ. ಇರಬಹುದು. ಹೋಟೆಲಿನ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆರಾಮಾಗಿ ಕೂತರೆ ಮುನ್ನೂರು ಮಂಚಗಳ ಚಾದರ ತಾನಾಗಿ ನೆಟ್ಟಗಾಗುತ್ತದೆಯೇ? ಆದರೆ ಆ ವಾರದ ಚಡಪಡಿಕೆ ಬೇರೆಯೇ. ರಸ್ತೆಯುದ್ದಕ್ಕೂ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷ ಅದು. ಶುಕ್ರವಾರ ಸಂಜೆ ನಾನು ನಾಲ್ಕು ಜನರ ಮುಂದೆ ಒಂದು ಹೆಸರು ಹೇಳಬೇಕಿತ್ತು. ಕಾನ್ರಾಡನ ಹೆಸರೋ, ಅದ್ದುವಿನ ಹೆಸರೋ ಎಂದು ತೋಚದೆ ಅಲ್ ಬರ್ಷಾದ ನಮ್ಮ ಫ್ಲ್ಯಾಟಿನ ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲಿಗೆ ತಿರುಗಿ ತಿರುಗಿ ಕಾಲು ಸೋತಿತ್ತು.

ವಿಷಯ ಇಷ್ಟೇ. ಈ ಪರದೇಶದಲ್ಲಿರುವ ನಮ್ಮ ಕರ್ನಾಟಕದವರ ವಾಲಿಬಾಲ್ ಟೂರ್ನಮೆಂಟಿಗೆ ಮೊದಲು ಊರೂರಿನವರು ಟೀಮ್ ಕಟ್ಟುತ್ತಿದ್ದರು. ಮಂಗಳೂರಿನವರು ಒಂದು ಕಡೆ, ಮೈಸೂರಿನವರು ಇನ್ನೊಂದು ಕಡೆ, ಮಧ್ಯದಲ್ಲಿ ಜಗಳ. ಆಮೇಲೆ ಸಂಘದವರು ಬುದ್ಧಿ ಓಡಿಸಿ ಹೊಸ ಪದ್ಧತಿ ತಂದರು. ಹಳದಿ, ನೀಲಿ, ಕೆಂಪು, ಹಸಿರು ಎಂದು ನಾಲ್ಕು ಟೀಮು, ನಾಲ್ಕು ಕ್ಯಾಪ್ಟನ್. ಆಟಗಾರರೆಲ್ಲ ಒಂದು ಹಾಲಿನಲ್ಲಿ ಕೂರಬೇಕು, ಕ್ಯಾಪ್ಟನ್‌ಗಳು ಸರದಿಯ ಮೇಲೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯಬೇಕು. ಹಿಂದಿನ ವರ್ಷ ಕೊನೆಗೆ ಬಂದ ಟೀಮಿಗೆ ಮೊದಲ ಸರದಿ. ಕೊನೆಗೆ ಬಂದದ್ದು ನನ್ನ ಹಳದಿ ಟೀಮು. ಹೇಳಿಕೊಳ್ಳುವ ವಿಷಯವಲ್ಲ, ಆದರೂ ಹೇಳಿದೆ.

ವಾಲಿಬಾಲಿನಲ್ಲಿ ಜನ ನೋಡುವುದು ಸ್ಮ್ಯಾಶ್ ಹೊಡೆಯುವವನನ್ನು. ನಾನು ಹೊಡೆಯುವವನು, ಆದ್ದರಿಂದ ಗೊತ್ತು. ಆದರೆ ಆಟ ನಡೆಸುವವನು ಲಿಫ್ಟರ್. ನೆಟ್ಟಿನ ಪಕ್ಕ ನಿಂತು, ಹಿಂದಿನಿಂದ ಬಂದ ಬಾಲನ್ನು ಯಾರ ಕೈಗೆ, ಎಷ್ಟು ಎತ್ತರಕ್ಕೆ ಎತ್ತಿಕೊಡಬೇಕೆಂದು ನಿರ್ಧರಿಸುವವನು ಅವನೇ. ಹನ್ನೊಂದು ವರ್ಷದಿಂದ ನನ್ನ ಲಿಫ್ಟರ್ ಕಾನ್ರಾಡ್, ನನ್ನ ತಂಗಿ ಅಗಾತಾಳ ಗಂಡ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ, ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಮನೆ, ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಸ್ವಭಾವ. ಭಾವನನ್ನು ಭಾವನಿಂದ ಕಿತ್ತುಕೊಳ್ಳುವುದು ಸರಿಯಲ್ಲ ಎಂದು ಬೇರೆ ಕ್ಯಾಪ್ಟನ್‌ಗಳು ಅವನನ್ನು ಕರೆಯುತ್ತಲೇ ಇರಲಿಲ್ಲ. ನಾನು ಮೂರನೆಯ ಸುತ್ತಿನಲ್ಲೋ ನಾಲ್ಕನೆಯದರಲ್ಲೋ ಆರಾಮಾಗಿ ಕರೆದುಕೊಳ್ಳುತ್ತಿದ್ದೆ.

ಈ ವರ್ಷ ನೀಲಿ ಟೀಮಿಗೆ ಶ್ರೀಕಂಠಯ್ಯ ಎಂಬ ಮೈಸೂರಿನವರು ಹೊಸ ಕ್ಯಾಪ್ಟನ್ ಆದರು. ಎರಡನೆಯ ಸರದಿ ಅವರದು. ಅವರು ಮೊದಲೇ ಫೋನ್ ಮಾಡಿ, ನಿಮ್ಮ ಭಾವ–ಬಾಮೈದರ ಮರ್ಯಾದೆಯೆಲ್ಲ ನನಗೆ ಗೊತ್ತಿಲ್ಲ ಸಾರ್, ನೀವು ಮೊದಲ ಸರದಿಯಲ್ಲಿ ಕಾನ್ರಾಡರನ್ನು ಕರೆಯದಿದ್ದರೆ ನಾನು ಕರೆಯುತ್ತೇನೆ ಎಂದು ನಯವಾಗಿಯೇ ಹೇಳಿಬಿಟ್ಟರು. ಅದೇ ಹೊತ್ತಿಗೆ ಅಬುಧಾಬಿಯ ಮುಸಫ್ಫಾದಲ್ಲಿ ಅದ್ದು ಎಂಬ ಹೊಸ ಲಿಫ್ಟರ್ ಬಂದಿದ್ದಾನೆ, ಉಳ್ಳಾಲದವನು, ಅವನ ಕೈ ನೋಡಿದರೆ ಊಟ ಮರೆಯಬೇಕು ಎಂಬ ಸುದ್ದಿ ಹಬ್ಬಿತ್ತು. ಅದ್ದುವನ್ನು ಕರೆದರೆ ಕಾನ್ರಾಡ್ ನೀಲಿಗೆ ಹೋಗುತ್ತಾನೆ. ಕಾನ್ರಾಡನನ್ನು ಕರೆದರೆ ಅದ್ದು ಹೋಗುತ್ತಾನೆ. ಅತ್ತ ದರಿ ಇತ್ತ ಪುಲಿ.

ಬುಧವಾರ ಅಗಾತಾ ಕಾನ್ರಾಡನ ಜೊತೆ ನಮ್ಮ ಮನೆಗೆ ಬಂದು ಬ್ಯಾಗ್ ಕೆಳಗಿಡುವ ಮೊದಲೇ ಶುರು ಮಾಡಿದಳು. ಮದುವೆಯಾಗಿ ಬಂದ ವರ್ಷದಿಂದ ಅಣ್ಣನೂ ಗಂಡನೂ ಒಂದೇ ಬಣ್ಣದ ಬನಿಯನ್ ಹಾಕಿದ್ದನ್ನು ನೋಡಿಕೊಂಡು ಬಂದವಳು ಅವಳು. ಪರದೇಶದಲ್ಲಿ ತನಗೆ ತವರು ಎಂದರೆ ಅಷ್ಟೇ ಎಂದಳು. ಕಾನ್ರಾಡನಿಗೆ ವಯಸ್ಸಾಯಿತೆಂದು ಹೊಸಬನನ್ನು ತಂದರೆ ಅವನ ಮುಖ ಯಾರು ನೋಡಬೇಕು ಎಂದಳು. ಅಡುಗೆಮನೆಯಿಂದ ಬಂಗುಡೆ ಸಾರಿನ ಸೌಟು ಹಿಡಿದುಕೊಂಡೇ ಬಂದ ಲವಿಟಾ ಅದ್ದುವಿನ ಪಕ್ಷ ಹಿಡಿದಳು. ಅದೂ ಎಂಥ ಪಕ್ಷ!

"ಅವನನ್ನೇ ಕರೀರಿ. ನಿಮಗೆ ಇಷ್ಟು ವರ್ಷ ಇದ್ದದ್ದು ಲಿಫ್ಟರ್ ಅಲ್ಲ, ಬೆಲ್ ಒತ್ತಿದ ಕೂಡಲೇ ಬರುವ ರೂಮ್ ಬಾಯ್. ಹೊಸಬ ಬಂದ್ರೆ ಸ್ವಲ್ಪ ಬುದ್ಧಿಯಾದ್ರೂ ಬರ್ತದೆ."

ಆಟದ ಗಂಧಗಾಳಿ ಇಲ್ಲದವರ ಮಾತಿಗೆ ಎಂತ ಬೆಲೆ ಎಂದು ನಾನು ಬಾಲ್ಕನಿಗೆ ಹೋದೆ. ಕಾನ್ರಾಡ್ ಸೋಫಾದ ತುದಿಯಲ್ಲಿ ಕೂತು ಬಂಗುಡೆಯ ಮುಳ್ಳು ತೆಗೆಯುತ್ತಿದ್ದ. ತನ್ನದೇ ಹಣೆಬರಹದ ಚರ್ಚೆ ನಡೆಯುತ್ತಿದ್ದರೂ ಅವನ ಗಮನವೆಲ್ಲ ಮುಳ್ಳಿನ ಮೇಲೆ. ಕೊನೆಗೆ ಕೈ ತೊಳೆದು ಬಂದು, ಸುಮ್ಮನೆ ವಾದ ಯಾಕೆ ಭಾವ, ನಾಳೆ ಹೋಗಿ ಅದ್ದುವಿನ ಆಟ ನೋಡಿಯೇ ಬರುವ ಎಂದ.

ಗುರುವಾರ ಬೇಗ ಕೆಲಸ ಮುಗಿಸಿ ಇಬ್ಬರೂ ಮುಸಫ್ಫಾಕ್ಕೆ ಹೋದೆವು. ವರ್ಕ್‌ಶಾಪುಗಳ ಹಿಂದೆ, ಕಂಪೆನಿ ಬಸ್ಸುಗಳು ನಿಲ್ಲುವ ಜಾಗದಲ್ಲಿ, ಎರಡು ಪೈಪು ನೆಟ್ಟು ನೆಟ್ ಕಟ್ಟಿದ್ದರು. ಅದ್ದು ವೆಲ್ಡಿಂಗ್ ಕೆಲಸದ ಪ್ಯಾಂಟಿನಲ್ಲೇ ಬರಿಗಾಲಲ್ಲಿ ಆಡುತ್ತಿದ್ದ. ತೆಳ್ಳನೆಯ ಹುಡುಗ, ಇಪ್ಪತ್ತೈದಿರಬಹುದು. ಬಾಲ್ ಅವನ ಬೆರಳಿಗೆ ತಾಗಿದ್ದು ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ. ಎಡಕ್ಕೆ ನೋಡಿ ಬಲಕ್ಕೆ ಕೊಡುತ್ತಿದ್ದ. ಮುಂದಿದ್ದವನಿಗೆ ಎನ್ನುವಷ್ಟರಲ್ಲಿ ತಲೆಯ ಮೇಲಿಂದ ಹಿಂದಿದ್ದವನಿಗೆ ದಾಟಿಸುತ್ತಿದ್ದ. ನಾನೂ ಶೂ ಕಟ್ಟಿಕೊಂಡು ಇಳಿದೆ. ನನಗೆ ಒಂದು ಬಾಲ್ ಕೊಟ್ಟ, ಬೆಣ್ಣೆಯಂತೆ ಬಂತು. ಮುಂದಿನದು ನನಗೇ ಎಂದು ಕೂಗಿ ಹಾರಿದರೆ ಕಾರ್ಮಿಕರ ಕ್ಯಾಂಪಿನ ದಢೂತಿ ಅಡುಗೆಭಟ್ಟನಿಗೆ ಕೊಟ್ಟ. ಭಟ್ಟ ಹೊಡೆದೂಬಿಟ್ಟ. "ನಿಮ್ಮ ಮುಂದೆ ಇಬ್ರು ಬ್ಲಾಕಿಗೆ ನಿಂತಿದ್ರಲ್ಲ ರೇಮಂಡಣ್ಣ," ಎಂದು ಅದ್ದು ಹಲ್ಲು ಬಿಟ್ಟ.

ಕಾನ್ರಾಡ್ ಅಂಚಿನಲ್ಲಿ ನಿಂತು, ಮಕ್ಕಳು ಮಿಠಾಯಿ ಅಂಗಡಿ ನೋಡುವ ಹಾಗೆ ನೋಡುತ್ತಿದ್ದ. ವಾಪಸು ಬರುವಾಗ ದಾರಿಯುದ್ದಕ್ಕೂ ಅದ್ದುವಿನದೇ ಗುಣಗಾನ. ಯಾರು ಹೊಡೆಯುತ್ತಾರೆಂದು ಅವನಿಗೇ ಕೊನೆಯ ಕ್ಷಣದವರೆಗೆ ಗೊತ್ತಿರುವುದಿಲ್ಲ ಭಾವ, ಅದೇ ಚಂದ ಎಂದ. ನಾಳೆ ಅವನನ್ನೇ ಕರೆಯಿರಿ, ನನ್ನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ ಎಂದ. ತನ್ನ ಜಾಗಕ್ಕೆ ಬರುವವನನ್ನು ಹೊಗಳುವುದಕ್ಕೆ ಎಂಥ ದೊಡ್ಡ ಮನಸ್ಸು ಬೇಕು! ಇಂಥವನನ್ನು ಹೇಗೆ ಬಿಡಲಿ ಎಂದು ಸಂಕಟಪಟ್ಟು, ಒಂದೆರಡು ಸಲ ತಪ್ಪು ಲೇನಿಗೆ ಹೋಗಿ ಹಿಂದಿನವರಿಂದ ಹಾರ್ನ್ ಹೊಡೆಸಿಕೊಂಡೆ.

ಶುಕ್ರವಾರ ಇಲ್ಲಿ ವಾರದ ರಜೆ; ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದವನು ಊಟಕ್ಕೂ ಕೂರಲಿಲ್ಲ. ಕೊನೆಗೆ ಕಲ್ಲು ಮನಸ್ಸು ಮಾಡಿದೆ: ಅದ್ದು. ಕೊನೆಯ ಸ್ಥಾನದ ಅವಮಾನ ಇನ್ನೊಂದು ವರ್ಷ ನುಂಗಲು ನನ್ನಿಂದಾಗದು. ಆದರೆ ಹಾಲಿನಲ್ಲಿ ಹತ್ತು ಜನರ ಮುಂದೆ ಕಾನ್ರಾಡನಿಗೆ ಗೊತ್ತಾಗಬಾರದು, ನಾನೇ ಮೊದಲು ಹೇಳಬೇಕು. ಹೆಸರು ಕರೆಯುವ ಸಭೆಯಿದ್ದ ಕರಾಮದ ಹೋಟೆಲಿನ ಪಾರ್ಕಿಂಗಿನಲ್ಲಿ, ಹೆಂಗಸರು ಮುಂದೆ ಹೋದ ಮೇಲೆ, ಅವನ ಭುಜ ಹಿಡಿದು ಹೇಳಿದೆ.

ಅವನ ಮುಖ ಅರಳಿತು. ನಾನು ಎಲ್ಲದಕ್ಕೂ ತಯಾರಿದ್ದೆ, ಅದಕ್ಕೆ ಇರಲಿಲ್ಲ. ಬೇಜಾರಿಲ್ಲವಾ ಎಂದು ಕೇಳಿದೆ.

"ಬೇಜಾರು ಎಂತದ್ದು ಭಾವ? ನಾನೇ ಕೇಳ್ಬೇಕು ಅಂತ ಇದ್ದೆ, ಬಾಯಿ ಬರಲಿಲ್ಲ," ಎಂದ. ಆಮೇಲೆ ಕಾರಿನ ಬಾನೆಟ್ಟಿನ ಧೂಳಿನ ಮೇಲೆ ಬೆರಳಾಡಿಸುತ್ತಾ, ನನ್ನ ಮುಖ ನೋಡದೆ ಹೇಳಿದ: "ಬಾಲ್ ನನ್ನ ಕೈಗೆ ಬರುವ ಮೊದಲೇ ನೀವು ಕೂಗ್ತೀರಿ. ಹನ್ನೊಂದು ವರ್ಷ ಎಡಕ್ಕೇ ಎತ್ತಿ ಎತ್ತಿ ನನ್ನ ಕುತ್ತಿಗೆ ಬಲಕ್ಕೆ ತಿರುಗುದೇ ಮರೆತುಹೋಗಿದೆ. ಬೇರೆಯವರಿಗೆ ಒಂದು ಕೊಟ್ರೆ ಮನೆವರೆಗೆ ಬಯ್ಗುಳ. ಒಂದು ಟೂರ್ನಮೆಂಟಾದ್ರೂ ಯಾರಿಗೆ ಕೊಡುದು ಅಂತ ನಾನೇ ನೋಡಿ ಕೊಡ್ಬೇಕು ಭಾವ. ನನಗೂ ನಲವತ್ತು ಬಂತು, ಮೊಣಕಾಲು ಇನ್ನೆಷ್ಟು ದಿನ ಕೇಳ್ತದೆ? ಅಗಾತಾಗೆ ಮಾತ್ರ ಹೇಳ್ಬೇಡಿ. ಅವಳಿಗೆ ಎದೆ ಒಡೀತದೆ."

ಅಂದರೆ ಹಿಂದಿನ ದಿನದ ದೊಡ್ಡ ಮನಸ್ಸು ನನ್ನಿಂದ ತಪ್ಪಿಸಿಕೊಳ್ಳುವ ಉಪಾಯ. ನಾನು ಅವನನ್ನು ಬಿಡುವುದು ಹೇಗೆ ಎಂದು ನಿದ್ದೆ ಕೆಡಿಸಿಕೊಂಡಿದ್ದರೆ ಅವನು ನನ್ನನ್ನು ಬಿಡಲು ದಿನ ಎಣಿಸುತ್ತಿದ್ದ. ನನ್ನ ಕಿವಿ ಬಿಸಿಯಾಯಿತು. ಈ ಊರಿಗೆ ಬಂದಾಗ ಇವನಿಗೆ ಬೂಟು ಕೊಡಿಸಿದವನು ಯಾರು? ಆಟ ಕಲಿಸಿದವನು ಯಾರು? ಅವನನ್ನು ಅಲ್ಲೇ ಬಿಟ್ಟು ಒಳಗೆ ನಡೆದೆ.

ಸಂಘದ ಅಧ್ಯಕ್ಷರು ನನ್ನ ಕೈಗೆ ಮೈಕು ಕೊಟ್ಟರು. ಮುಂದಿನ ಸಾಲಿನಲ್ಲಿ ಅದ್ದು ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತಿದ್ದ. ಹಿಂದೆ ಅಗಾತಾ ಜಪಸರ ಹಿಡಿದಿದ್ದಳು. ಬಾಗಿಲ ಹತ್ತಿರ ಕಾನ್ರಾಡ್, ಆಗಲೇ ಬಿಡುಗಡೆಯಾದವನ ಹಾಗೆ, ಶ್ರೀಕಂಠಯ್ಯನವರ ಜೊತೆ ನಗುತ್ತಾ ಮಾತಾಡುತ್ತಿದ್ದ. ಆ ನಗು ನೋಡಿದ್ದೇ ನನ್ನ ನಾಲಿಗೆ ನನ್ನದಾಗಿ ಉಳಿಯಲಿಲ್ಲ.

"ಕಾನ್ರಾಡ್," ಎಂದೆ.

ಇಡೀ ಹಾಲ್ ಚಪ್ಪಾಳೆಯಲ್ಲಿ ಮುಳುಗಿತು. ಗೆಲುವಿಗಿಂತ ಸಂಬಂಧ ದೊಡ್ಡದು ಎಂದು ತೋರಿಸಿದ ಕ್ಯಾಪ್ಟನ್ ಎಂದು ಅಧ್ಯಕ್ಷರು ಹೊಗಳಿದರು. ಅಗಾತಾ ಬಂದು ನನ್ನ ಕೈ ಹಿಡಿದು ಅತ್ತಳು. ಶ್ರೀಕಂಠಯ್ಯನವರು ಒಂದು ಕ್ಷಣ ಪೆಚ್ಚಾಗಿ, ತಮ್ಮ ಸರದಿಯಲ್ಲಿ ಅದ್ದುವನ್ನು ಕರೆದರು. ಕಾನ್ರಾಡ್ ನಿಧಾನವಾಗಿ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತ. ಜಗಳವಾಡಲಿ ಎಂದು ಕಾದೆ. ಮುಖ ತಿರುಗಿಸಲಿ ಎಂದು ಕಾದೆ.

"ಆಯ್ತು ಭಾವ," ಎಂದ. "ಎತ್ತರ ಕಳೆದ ವರ್ಷದಷ್ಟೇ ಸಾಕಾ, ಸ್ವಲ್ಪ ಕಮ್ಮಿ ಮಾಡ್ಬೇಕಾ?"

ಅದರಲ್ಲಿ ಚುಚ್ಚುಮಾತು ಇರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವನು ನಿಜವಾಗಿಯೇ ಕೇಳುತ್ತಿದ್ದ, ನನಗೆ ಬೇಕಾದ ಎತ್ತರ ಎಷ್ಟೆಂದು.

ಮುಂದಿನ ಸರದಿಗಳಲ್ಲಿ ಯಾರನ್ನು ಕರೆದೆನೋ ದೇವರಿಗೇ ಗೊತ್ತು. ಕಾಲು ನೋವಿನವನನ್ನು ಕರೆದೆನಂತೆ, ಊರಿಗೆ ಹೋಗಿದ್ದವನನ್ನೂ ಕರೆದೆನಂತೆ. ಕುರ್ಚಿಯಿಂದ ಎದ್ದೆ, ಕೂತೆ, ನೀರು ಕುಡಿದೆ, ಮತ್ತೆ ಎದ್ದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ ಎನ್ನುತ್ತಾರೆ. ಇಲ್ಲಿ ನಾನು ಕೊಯ್ದದ್ದು ಅವನ ಮೂಗು. ಅವನು ಪಕ್ಕದಲ್ಲೇ ಕೂತು, ಬೆರಳುಗಳನ್ನು ಒಂದೊಂದಾಗಿ ಮಡಿಸುತ್ತಾ ಬಿಡಿಸುತ್ತಾ ಇದ್ದ.

ನಮ್ಮಲ್ಲಿ ಇನ್ನೊಂದು ನಿಯಮ ಉಂಟು. ಹೆಸರುಗಳೆಲ್ಲ ಮುಗಿದು ಚಹಾ ಬರುವ ಮೊದಲು, ಇಬ್ಬರು ಕ್ಯಾಪ್ಟನ್‌ಗಳು ಒಪ್ಪಿದರೆ ಒಬ್ಬನಿಗೆ ಒಬ್ಬನನ್ನು ಬದಲಾಯಿಸಿಕೊಳ್ಳಬಹುದು. ಯಾರೂ ಹಾಗೆ ಮಾಡುವುದಿಲ್ಲ. ಕರೆದು ಪಕ್ಕದಲ್ಲಿ ಕೂರಿಸಿಕೊಂಡವನನ್ನು ಎಬ್ಬಿಸಿ ಕಳಿಸುವುದೆಂದರೆ ಬಡಿಸಿದ ಎಲೆ ಎಳೆದುಕೊಂಡ ಹಾಗೆ. ಚಹಾದ ಫ್ಲಾಸ್ಕು ಬಾಗಿಲಲ್ಲಿ ಕಂಡಾಗ ನಾನು ಎದ್ದು ನಿಂತೆ.

"ಕಾನ್ರಾಡನನ್ನು ಕೊಡ್ತೇನೆ. ಅದ್ದು ಬೇಕು."

ಶ್ರೀಕಂಠಯ್ಯನವರು ತಮಾಷೆ ಎಂದುಕೊಂಡರು. ನನ್ನ ಮುಖ ನೋಡಿ, ಅಲ್ಲವೆಂದು ತಿಳಿದು, "ಅದಕ್ಕೇನಂತೆ ಸಾರ್, ನಾನು ಮೊದಲಿಂದ್ಲೂ ಕೇಳ್ತಿದ್ದುದು ಅವರನ್ನೇ ಅಲ್ವಾ," ಎಂದು ಒಪ್ಪಿಬಿಟ್ಟರು. ಈ ಸಲ ಚಪ್ಪಾಳೆ ಇಲ್ಲ. ಹೊಗಳಿಸಿಕೊಂಡು ಆಮೇಲೆ ಮಾರಿದ ಎಂದು ಹಿಂದಿನಿಂದ ಯಾರೋ ಅಂದದ್ದು ಕೇಳಿಸಿತು. ಅಗಾತಾ ಜಪಸರವನ್ನು ಬ್ಯಾಗಿಗೆ ತುರುಕಿ, ನನ್ನ ಕಡೆ ಒಮ್ಮೆ ನೋಡಿ, ಹೊರಗೆ ಹೋದಳು. ಕಾನ್ರಾಡ್ ಎದ್ದ. ಏನೋ ಹೇಳಲು ಬಾಯಿ ತೆರೆದ. ಹೋಗು ಮಾರಾಯ, ಚಹಾ ಬಂತು ಎಂದು ನಾನೇ ಅವನನ್ನು ತಳ್ಳಿದೆ. ನನಗೆ ಅಳು ಬರುತ್ತಿತ್ತು, ಅದನ್ನು ಅವನು ನೋಡುವುದು ಬೇಡವಾಗಿತ್ತು.

ಟೂರ್ನಮೆಂಟಿನವರೆಗೂ ಅಗಾತಾ ನಮ್ಮ ಮನೆಗೆ ಕಾಲಿಡಲಿಲ್ಲ, ನನ್ನ ಫೋನ್ ಎತ್ತಲಿಲ್ಲ. ಲವಿಟಾ ಕೂಡ, ಅದ್ದುವನ್ನು ಕರೆಯಿರಿ ಎಂದಿದ್ದೆ, ತಂಗಿಯ ಗಂಡನನ್ನು ಸಂತೆಯ ಕೋಳಿ ಹಾಗೆ ಬದಲಾಯಿಸಿ ಎಂದಿರಲಿಲ್ಲ ಎಂದು ಮುಖ ಗಂಟು ಹಾಕಿಕೊಂಡಳು. ಅಗಾತಾಗೆ ಹೇಳಬೇಡಿ ಎಂದು ಕಾನ್ರಾಡ್ ಕೇಳಿಕೊಂಡಿದ್ದನಲ್ಲ, ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡು ಸುಮ್ಮನಿದ್ದೆ. ಅದ್ದುವಂತೂ ನಾನು ಎಷ್ಟು ಕೂಗಿದರೂ ತನಗೆ ಸರಿ ಕಂಡವರಿಗೇ ಬಾಲ್ ಕೊಡುತ್ತಿದ್ದ. ಹಾಗೆಯೇ ನಾವು ಗೆಲ್ಲುತ್ತಾ ಹೋಗಿ ಫೈನಲಿಗೂ ಬಂದೆವು. ಎದುರಿಗೆ ನೀಲಿ.

ಕೊನೆಯ ಸೆಟ್ಟಿನ ಕೊನೆಯ ಪಾಯಿಂಟು. ನೀಲಿಯವರ ಪಾಸು ಕಾನ್ರಾಡನ ಕೈಗೆ ಏರಿತು. ಅವನ ಕೈ ನನಗೆ ಗೊತ್ತಿಲ್ಲವೇ? ಎಡಕ್ಕೇ ಬರುತ್ತದೆ ಎಂದು ನಮ್ಮವರನ್ನೆಲ್ಲ ಕೂಗಿ ಅತ್ತ ಓಡಿಸಿ, ನಾನೂ ಬ್ಲಾಕಿಗೆ ಹಾರಿದೆ. ಬಾಲ್ ಅವನ ತಲೆಯ ಮೇಲಿಂದ ಸದ್ದಿಲ್ಲದೆ ಬಲಕ್ಕೆ ಹೋಯಿತು. ಅಲ್ಲಿ ಚಂದು ಎಂಬ ಬೆಂಗಳೂರಿನ ಕುಳ್ಳ, ಯಾರೂ ಯಾವತ್ತೂ ಬಾಲ್ ಕೊಡದವನು, ಎದುರಿಗೆ ಒಬ್ಬರೂ ಇಲ್ಲದ ನೆಟ್ಟಿನ ಮೇಲಿಂದ ಹೊಡೆದ. ನಾನು ಗಾಳಿಯಲ್ಲಿದ್ದಾಗಲೇ ಸೋತಾಗಿತ್ತು. ಕೆಳಗಿಳಿದು ನೋಡಿದರೆ ಕಾನ್ರಾಡ್ ಚಂದುವನ್ನು ಎತ್ತಿಕೊಂಡು ನಗುತ್ತಿದ್ದ. ಅವನು ಅಷ್ಟು ದೊಡ್ಡದಾಗಿ ನಗುವುದನ್ನು ಅಂಗಳದಲ್ಲಿ ನಾನು ನೋಡಿಯೇ ಇರಲಿಲ್ಲ. ಸೋತ ಹೊಟ್ಟೆಯುರಿಯ ನಡುವೆಯೂ ನನಗೆ ಖುಷಿಯಾಯಿತು.

ಅಗಾತಾ ನೇರ ನನ್ನ ಮುಂದೆ ಬಂದು ನಿಂತಳು. ಅಷ್ಟು ದಿನದ ಮೇಲೆ ಅವಳು ಆಡಿದ ಮೊದಲ ಮಾತು ಅದು.

"ನೋಡಿದ್ಯಾ ಅಣ್ಣ, ನೀನು ಬೇಡ ಅಂತ ಬಿಸಾಡಿದವರನ್ನು?"

ನೋಡಿದೆ ಎಂದೆ. ಅವಳ ಹಿಂದೆ ಕಾನ್ರಾಡ್ ಬೆವರು ಒರೆಸಿಕೊಳ್ಳುತ್ತಾ ಬಂದ. ಅವನ ಮುಖ ನೋಡಿದರೆ ಏನು ಹೇಳಲು ಹೊರಟಿದ್ದಾನೆಂದು ತಿಳಿಯುತ್ತಿತ್ತು. ಬೇಡ ಎಂದು ನಾನು ತಲೆಯಾಡಿಸಿದೆ, ಕಣ್ಣು ಬಿಟ್ಟೆ, ಕೈಯನ್ನೂ ಅಡ್ಡ ಹಿಡಿದೆ. ಹನ್ನೊಂದು ವರ್ಷ ನನ್ನ ಒಂದು ಕೂಗಿಗೆ ತಿರುಗಿದವನು ನನ್ನ ಕಡೆ ನೋಡಲೇ ಇಲ್ಲ.

"ಅಗಾತಾ, ಇಲ್ಲಿ ಕೂತ್ಕೋ," ಎಂದ. "ಭಾವ ಬಿಸಾಡಿದ್ದಲ್ಲ. ನಾನು ಕೇಳಿದ್ದನ್ನು ಕೊಟ್ರು."