ದೊಡ್ಡ ಸಾರ್ ಕೆಮ್ಮಿದ್ದು

ಅಣುವಿದ್ಯುತ್ ಸ್ಥಾವರದ ಮುಖ್ಯಸ್ಥರನ್ನು ಎಲ್ಲರೂ ಕರೆಯುತ್ತಿದ್ದದ್ದು ದೊಡ್ಡ ಸಾರ್ ಎಂದೇ. ಆಳೇನೂ ದೊಡ್ಡವರಲ್ಲ, ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ. ಆದರೆ ಅವರು ಹುಬ್ಬು ಗಂಟಿಕ್ಕಿದರೆ ಇಡೀ ಕಚೇರಿ ಪಿಟ್ಟೆನ್ನುತ್ತಿರಲಿಲ್ಲ. ತಿಂಗಳ ಕೊನೆಗೆ ಅವರ ನಿವೃತ್ತಿ. ರಿಪೇರಿಗೆಂದು ನಿಲ್ಲಿಸಿದ್ದ ರಿಯಾಕ್ಟರ್ ಅಷ್ಟರೊಳಗೆ ಮತ್ತೆ ಶುರುವಾಗಬೇಕು, ಓಡುತ್ತಿರುವ ಸ್ಥಾವರವನ್ನೇ ಒಪ್ಪಿಸಿ ಹೋಗಬೇಕು ಅನ್ನುವುದೊಂದೇ ಅವರ ಆಸೆ.

ಅದಕ್ಕೆ ಸುರಕ್ಷತಾ ಮಂಡಳಿಯ ಒಪ್ಪಿಗೆ ಬೇಕು. ತಪಾಸಣೆಗೆ ಬಂದಿದ್ದ ಮಂಡಳಿಯ ಅಧಿಕಾರಿ ಒಂದು ಕಾಲಕ್ಕೆ ಅವರ ಕೈಕೆಳಗೇ ಕೆಲಸ ಕಲಿತ ಹುಡುಗಿ. ಈಗ ಆಕೆಗೂ ಕೂದಲು ನರೆತಿದ್ದರೂ ದೊಡ್ಡ ಸಾರ್ ಪಾಲಿಗೆ ಹುಡುಗಿಯೇ. ನಮ್ಮವಳು, ಕಣ್ಣು ಮುಚ್ಚಿ ಒಪ್ಪಿಗೆ ಕೊಡುತ್ತಾಳೆ ಅಂದುಕೊಂಡಿದ್ದರು. ಕಣ್ಣು ತೆರೆದಿಟ್ಟುಕೊಳ್ಳುವುದನ್ನು ಅವಳಿಗೆ ಕಲಿಸಿದ್ದೇ ತಾವು ಎನ್ನುವುದು ಮರೆತುಹೋಗಿತ್ತು.

ಪಂಪು, ಕವಾಟ, ಕೊಳವೆ, ಎಲ್ಲವೂ ಸರಿಯಿದ್ದವು. ಉಳಿದದ್ದು ತಾಲೀಮು ಕೋಣೆಯ ಪರೀಕ್ಷೆ. ಆ ಕೋಣೆ ಥೇಟ್ ಕಂಟ್ರೋಲ್ ರೂಮಿನಂತೆಯೇ: ಅದೇ ದೀಪ, ಅದೇ ಗುಂಡಿ, ಅದೇ ಕಿರುಚುವ ಅಲಾರಂ. ಹಿಂದೆ ರಿಯಾಕ್ಟರ್ ಇಲ್ಲ, ಕಂಪ್ಯೂಟರ್ ಇದೆ, ಅಷ್ಟೇ. ರಿಯಾಕ್ಟರನ್ನು ತಂಪಾಗಿಡುವ ನೀರಿನ ಒತ್ತಡದ ಮುಳ್ಳು ಕೆಂಪು ಗೆರೆಯ ಕೆಳಗೆ ಇಳಿದರೆ ಎದುರಿಗೆ ಕೂತ ಆಪರೇಟರ್ ತಕ್ಷಣ ರಿಯಾಕ್ಟರ್ ನಿಲ್ಲಿಸುವ ಗುಂಡಿ ಒತ್ತಬೇಕು. ಯಾರನ್ನೂ ಕೇಳಬೇಕಿಲ್ಲ, ಮುಖ್ಯಸ್ಥರನ್ನೂ ಕೂಡ.

ಅಂದು ಕೂತಿದ್ದವಳು ದಪ್ಪ ಕನ್ನಡಕದ ಹುಡುಗಿ. ಎಲ್ಲರ ಬಾಯಲ್ಲೂ ಅವಳ ಹೆಸರು ಕನ್ನಡಕವೇ. ಮುಳ್ಳು ಇಳಿಯಿತು. ಅವಳ ಕೈ ಗುಂಡಿಯ ಹತ್ತಿರ ಹೋಯಿತು. ಅಷ್ಟರಲ್ಲಿ ಹಿಂದಿನ ಕುರ್ಚಿಯಲ್ಲಿ ಕೂತಿದ್ದ ದೊಡ್ಡ ಸಾರ್ ಕೆಮ್ಮಿದರು.

ಕೈ ಅಲ್ಲೇ ನಿಂತಿತು. ಪಕ್ಕದಲ್ಲಿದ್ದ ಶಿಫ್ಟ್ ಮುಖ್ಯಸ್ಥ ತಿರುಗಿ ದೊಡ್ಡ ಸಾರ್ ಮುಖ ನೋಡಿದ. "ಯಾವುದಕ್ಕೂ ಇನ್ನೊಂದ್ಸಲ ಮೀಟರ್ ನೋಡ್ಬಿಡೋಣ" ಅಂದ. ಇಬ್ಬರೂ ನೋಡಿ, ಯೋಚಿಸಿ, ಗುಂಡಿ ಒತ್ತುವಷ್ಟರಲ್ಲಿ ಮುಳ್ಳು ತಳ ಕಂಡಿತ್ತು.

"ಕೈ ಯಾಕೆ ತಡೆದ್ರಿ?" ಅಧಿಕಾರಿ ಕೇಳಿದಳು.

ಕನ್ನಡಕ ತಲೆ ತಗ್ಗಿಸಿ ಹೇಳಿದಳು: "ಸಾರ್ ಕೆಮ್ಮಿದ್ರು ಮೇಡಂ. ಬೇಡ ಅಂತಿದಾರೆ ಅಂದ್ಕೊಂಡೆ."

ದೊಡ್ಡ ಸಾರ್‌ಗೆ ಪಿತ್ತ ನೆತ್ತಿಗೇರಿತು. "ಏನಮ್ಮಾ ಇದು! ಗಂಟಲು ಕೆರೀತು, ಕೆಮ್ಮಿದೆ. ಮನುಷ್ಯ ಅನ್ನೋನು ಕೆಮ್ಮೋ ಹಾಗೂ ಇಲ್ವಾ?"

ಆಮೇಲೆ ಅವರ ಕೋಣೆಯಲ್ಲಿ ಅಧಿಕಾರಿ ಬಾಗಿಲು ಮುಂದೆ ಮಾಡಿ ಕೂತಳು. "ಸಾರ್, ನಿಮ್ಮ ಯಂತ್ರಗಳಿಗೆ ಏನೂ ಆಗಿಲ್ಲ. ಆದ್ರೆ ನಿಮ್ಮ ಜನ ಮೀಟರ್ ನೋಡಲ್ಲ, ನಿಮ್ಮ ಮುಖ ನೋಡ್ತಾರೆ."

"ಕೆಮ್ಮಿದ್ದನ್ನ ವರದೀಲಿ ಬರೀತೀಯಾ? ಮಂಡಳೀಲಿ ಬಿದ್ದು ಬಿದ್ದು ನಗ್ತಾರೆ."

"ನಗ್ಲಿ ಸಾರ್, ಬರೀತೀನಿ." ಅವಳ ದನಿ ಸಣ್ಣದಾಯಿತು. "ಈ ಒಂದು ಶಿಫ್ಟಿಗೆ ಮಾತ್ರ ಮರುಪರೀಕ್ಷೆ ಸಾಕು ಅಂತ ನೀವು ಕೇಳಿದ್ರೆ ಮಂಡಳಿ ಒಪ್ಪುತ್ತೆ. ನೀವಿರುವಾಗಲೇ ಶುರು ಮಾಡಬಹುದು. ಎಲ್ಲಾ ಶಿಫ್ಟಿಗೂ ಅಂದ್ರೆ ನಿಮ್ಮ ನಿವೃತ್ತಿ ದಾಟುತ್ತೆ. ನೀವೇ ಯೋಚನೆ ಮಾಡಿ. ಬೇರೆಯವರಾಗಿದ್ರೆ ನನಗಿಷ್ಟು ಸಂಕಟ ಆಗ್ತಿರಲಿಲ್ಲ."

ಯೋಚನೆ ಮಾಡುವುದೇನು? ಒಂದೇ ಶಿಫ್ಟ್ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡು ಮನೆಗೆ ಹೋದರು. ಊಟಕ್ಕೆ ಕೂತಾಗ ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿಕೊಂಡು ಉರಿದುಬಿದ್ದರು. ಆಕೆ ಪಾಪ ಅನ್ನುತ್ತಾಳೆ ಅಂದುಕೊಂಡರೆ, ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಾಳೆ!

"ನಗೋದೇನು ಬಂತು?"

"ನಮ್ಮ ಮಗಳು ಚಿತ್ರಕಲಾ ಶಾಲೆಗೆ ಸೇರ್ತೀನಿ ಅಂದಾಗ ನೀವೇನಂದ್ರಿ, ನೆನಪಿದೆಯಾ?"

"ನಾನೇನೂ ಅನ್ನಲೇ ಇಲ್ವಲ್ಲ. ಅವಳೇ ಮನಸ್ಸು ಬದಲಾಯಿಸಿದ್ಳು."

"ಹೂಂ, ಏನೂ ಅನ್ಲಿಲ್ಲ. ಕೆಮ್ಮಿದ್ರಿ."

ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟರು. ಮಗಳು ಈಗ ಬ್ಯಾಂಕಿನಲ್ಲಿದ್ದಾಳೆ, ಸುಖವಾಗಿಯೇ ಇದ್ದಾಳೆ. ಅವತ್ತು ನಿಜಕ್ಕೂ ಗಂಟಲು ಕೆರೆದಿತ್ತೇ ಎಂದು ದೊಡ್ಡ ಸಾರ್ ಎಷ್ಟು ನೆನಪಿಸಿಕೊಂಡರೂ ಗೊತ್ತಾಗಲಿಲ್ಲ. ಈವತ್ತಿನ ಕೆಮ್ಮಂತೂ ಗಂಟಲು ಕೆರೆದದ್ದಕ್ಕೇ ಎಂದು ಆಣೆಯಿಟ್ಟು ಹೇಳುವ ಧೈರ್ಯವೂ ಆಗ ಹೋಯಿತು. ನಾಚಿಕೆಯಾಯಿತು, ಭಯವೂ ಆಯಿತು.

ಬೆಳಿಗ್ಗೆ ಎಲ್ಲಾ ಶಿಫ್ಟಿಗೂ ಪರೀಕ್ಷೆಯಾಗಲಿ ಎಂದು ಬರೆದು ಕಳಿಸಿದರು. ಆಮೇಲೆ ಒಂದೊಂದೇ ಶಿಫ್ಟನ್ನು ಕೂರಿಸಿಕೊಂಡು ನೆಟ್ಟಗೆ ಹೇಳಿದರು: "ಗುಂಡಿ ನಿಮ್ಮ ಕೈಲಿದೆ. ನಾನು ಕೆಮ್ಮಲಿ, ಕೂಗಾಡಲಿ, ಮುಳ್ಳು ಇಳಿದ್ರೆ ಒತ್ತಿ." ಎಲ್ಲರೂ "ಆಯ್ತು ಸಾರ್" ಅಂದರು. ಆ ಆಯ್ತು ಸಾರ್ ಮೇಲೇ ಅವರಿಗೆ ಈಗ ನಂಬಿಕೆಯಿರಲಿಲ್ಲ.

ಕನ್ನಡಕದ ಶಿಫ್ಟಿನ ಸರದಿ ಬಂದದ್ದು ಅವರ ಕೆಲಸದ ಕೊನೆಯ ದಿನ. ಹೊರಗಿರಿ ಎಂದು ಅಧಿಕಾರಿ ಹೇಳಿದರೂ ಕೇಳಲಿಲ್ಲ. "ನಾನಿಲ್ಲದಾಗ ಧೈರ್ಯ ಮಾಡೋದು ಏನು ಮಹಾ?" ಎಂದು ಅದೇ ಕುರ್ಚಿಯಲ್ಲಿ ಕೂತರು.

ಮುಳ್ಳು ಇಳಿಯತೊಡಗಿತು. ಹಾಳಾದ ಗಂಟಲು ಆಗಲೇ ಕೆರೆಯಬೇಕೇ! ತುಟಿ ಕಚ್ಚಿದರು, ಉಸಿರು ಬಿಗಿಹಿಡಿದರು, ಕಣ್ಣಲ್ಲಿ ನೀರು ಬಂತು. ತಡೆದ ಕೆಮ್ಮು ದುಪ್ಪಟ್ಟಾಗಿ ಹೊರಬಿತ್ತು. ಶಿಫ್ಟ್ ಮುಖ್ಯಸ್ಥನ ಕತ್ತು ಹಳೇ ಅಭ್ಯಾಸದಂತೆ ಅರ್ಧ ತಿರುಗಿತು. ಕನ್ನಡಕ ತಿರುಗಲಿಲ್ಲ. ಗೆರೆ ದಾಟಿದ ಕ್ಷಣವೇ ಗುಂಡಿ ಒತ್ತಿದಳು.

ಒತ್ತಿ, ಮೀಟರಿನಿಂದ ಕಣ್ಣು ಕೀಳದೆ ಹೇಳಿದಳು: "ಸಾರ್, ದಯವಿಟ್ಟು ಹೊರಗೆ ಹೋಗಿ ಕೆಮ್ಮಿ. ಇಲ್ಲಿ ಒಬ್ಬರು ಹೇಳಿದ್ದು ಒಬ್ಬರಿಗೆ ಕೇಳಿಸ್ತಿಲ್ಲ."

ಆ ಸ್ಥಾವರದ ಸಿಬ್ಬಂದಿಯಲ್ಲಿ ಅವರಿಗೆ ಹೊರಗೆ ಹೋಗಿ ಅಂದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ದೊಡ್ಡ ಸಾರ್ ಎದ್ದು ಹೊರಗೆ ಹೋದರು.

ಕಾರಿಡಾರಿನ ಬೆಂಚಿನ ಮೇಲೆ ಕೂತು ಮನಸಾರೆ ಕೆಮ್ಮಿದರು. ಅಧಿಕಾರಿ ನೀರು ತಂದುಕೊಟ್ಟಳು. ಕಿಟಕಿಯಾಚೆ ರಿಯಾಕ್ಟರ್ ಕಟ್ಟಡ ಸದ್ದಿಲ್ಲದೆ ನಿಂತಿತ್ತು. ನಾಳೆಯಿಂದ ಅದು ಬೇರೆಯವರದು.

"ಓಡೋದನ್ನ ನೋಡಿ ಹೋಗ್ಬೇಕಿತ್ತು ಕಣಮ್ಮ, ಹೊಟ್ಟೆ ಉರಿಯುತ್ತೆ," ಅಂದರು. ಕಣ್ಣೊರೆಸಿಕೊಂಡು ನಕ್ಕರು. "ಬರ್ಕೋ. ಮುಖ್ಯಸ್ಥರನ್ನ ಆಪರೇಟರ್ ಹೊರಗೆ ಹಾಕಿದ್ಳು ಅಂತ ವರದೀಲಿ ಬರ್ಕೋ."

ಮತ್ತೆ ಕೆಮ್ಮು ಬಂತು. ಬಾಗಿಲ ಗಾಜಿನಾಚೆ ಶಿಫ್ಟಿನವರೆಲ್ಲರೂ ಮೀಟರುಗಳನ್ನೇ ನೋಡುತ್ತಿದ್ದರು. ಯಾರೂ ತಿರುಗಲಿಲ್ಲ.