ಸ್ಲ್ಯಾಬಿನ ಶಾಖ

ಹೋಳಿಗೆ ಮುರಿಯುವಷ್ಟರಲ್ಲಿ ಮನೆಯೊಡತಿ ಮಾದೇವಿ ಅದನ್ನು ತಂದು ಅವನ ತಾಟಿನ ಪಕ್ಕ ಇಟ್ಟಳು. ಸುಣ್ಣದ ಡಬ್ಬಿಯಷ್ಟು ಗಾತ್ರ, ಹಿಂದೊಂದು ವೈರಿನ ಬಾಲ.

ಎಂಜಿನಿಯರ್ ಗುರುರಾಜ ಕೂಡಲೇ ಗುರುತಿಸಿದ. ತನ್ನದೇ ಸೆನ್ಸರ್. ಅದು ಈಗ ತಲೆಯ ಮೇಲಿನ ಹೊಸ ಸ್ಲ್ಯಾಬಿನ ಒಳಗೆ ಇರಬೇಕಿತ್ತು.

"ಇದು ಹೊರಗ ಹೆಂಗ ಬಂತು?"

"ಒಳಗ ಹಾಕೇ ಇಲ್ರಿ," ಎಂದಳು ಮಾದೇವಿ, ಹೆಮ್ಮೆಯಿಂದ. "ಮಿಣಕ್ ಮಿಣಕ್ ಅಂತಿತ್ತು. ಜೀವ ಇದ್ದದ್ದನ್ನ ಸಿಮೆಂಟಿನ್ಯಾಗ ಹುಗಿಯೂದ? ತುಟ್ಟಿ ಮಾಲು ಬ್ಯಾರೆ. ಥಂಡಿ ಹತ್ತಬಾರ್ದಂತ ಶೆಡ್ಡಿನ್ಯಾಗ ಒಲಿ ಬಾಜೂ ಇಟ್ಟಿದ್ನಿ. ಅಲ್ಲಿಂದನ ನಿಮ್ಮ ಮೊಬೈಲಿಗೆ ಸುದ್ದಿ ಹೋಗ್ತಿತ್ತಂತಲ್ರಿ."

ಹೋಗುತ್ತಿತ್ತು.

ಹೊಸ ಉಪಕರಣದ ಪ್ರಯೋಗಕ್ಕೆ ತಿಳವಳ್ಳಿಯ ಈ ಮನೆಯನ್ನು ಆರಿಸಿದವನು ಅವನೇ. ಕಾಂಕ್ರೀಟ್ ಒಳಗೆ ಬೆಚ್ಚಗಿದ್ದಷ್ಟೂ ಬೇಗ ಗಟ್ಟಿಯಾಗುತ್ತದೆ; ಆ ಶಾಖವನ್ನು ಸೆನ್ಸರ್ ಅಳೆಯುತ್ತದೆ. ಅದರಿಂದ ಬಲದ ಲೆಕ್ಕ ಮೊಬೈಲಿನಲ್ಲಿ ಏರುವ ಗೆರೆಯಾಗಿ ಮೂಡುತ್ತದೆ. ಒಡೆಯಬೇಕಿಲ್ಲ, ಕೊರೆಯಬೇಕಿಲ್ಲ. ಹೋಗಿ ನೋಡಲೂ ಬೇಕಿಲ್ಲ. ಅವನಿಗೆ ಹಿಡಿಸಿದ್ದು ಅದೇ. ಸ್ಲ್ಯಾಬ್ ಹಾಕುವ ಮೊದಲು ಒಳಗಿನ ಕಬ್ಬಿಣದ ಸರಳಿಗೆ ಕಟ್ಟಲು ಹೇಳಿ, ಮನೆಯ ಯಜಮಾನ ಬೀರಪ್ಪನ ಕೈಗೆ ಹಾನಗಲ್ಲಿನ ಬಸ್ ಸ್ಟ್ಯಾಂಡಿನಲ್ಲೇ ಅದನ್ನು ಕೊಟ್ಟು ಶಿಗ್ಗಾವಿಗೆ ಮರಳಿದ್ದ. ಧಾರವಾಡದಲ್ಲಿರುವ ಹೆಂಡತಿ ಶಾಮಲಾಳ ಕ್ಷೇಮವನ್ನೂ ಅವನು ವಾಟ್ಸಾಪಿನ ನೀಲಿ ಗೀಟುಗಳಲ್ಲೇ ಓದಿಕೊಳ್ಳುತ್ತಿದ್ದ.

ಈ ಚಳಿಯಲ್ಲಿ ಗೆರೆ ಇಷ್ಟು ಬೇಗ ಏರಿದ್ದು ಸಂಶಯ ತರಬೇಕಿತ್ತು. ಸಂತೋಷ ತಂದಿತ್ತು. ಬಸಿರಿ ಮಗಳು ಮಲ್ಲಿಕಾಳ ಕುಬುಸದ ಶಾಸ್ತ್ರಕ್ಕೆ ಪಡಸಾಲೆ ಬೇಕು, ಸ್ಲ್ಯಾಬಿಗೆ ಆಸರೆಯಾಗಿದ್ದ ಸೆಂಟ್ರಿಂಗ್ ಬಿಚ್ಚಬಹುದೇ ಎಂದು ಬೀರಪ್ಪ ಕೇಳಿದಾಗ, ಬಿಚ್ಚಿರಿ ಎಂದು ಫೋನಿನಲ್ಲೇ ಹೇಳಿದ್ದ. ನಿನ್ನೆ ಬಿಚ್ಚಿದ್ದರು.

ಸ್ಲ್ಯಾಬಿಗೆ ಎಷ್ಟು ಬಲ ಬಂದಿದೆಯೋ ಈಗ ಯಾರಿಗೂ ಗೊತ್ತಿಲ್ಲ. ಮೊಬೈಲಿನಲ್ಲಿದ್ದದ್ದು ಮಾದೇವಿಯ ಒಲೆಯ ಬಲ.

ಪಡಸಾಲೆಯ ನಡುವೆ ಮಲ್ಲಿಕಾ ಹಸಿರು ಸೀರೆಯುಟ್ಟು ಕುರ್ಚಿಯಲ್ಲಿ ಕುಳಿತಿದ್ದಳು. ಹೆಂಗಸರು ಉಡಿ ತುಂಬುತ್ತಿದ್ದರು. ಅವಳ ನೆತ್ತಿಯ ಮೇಲಿನ ಸ್ಲ್ಯಾಬಿನಲ್ಲಿ ಸೆಂಟ್ರಿಂಗ್ ಹಲಗೆಯ ಗುರುತುಗಳು ಇನ್ನೂ ಹಸಿಹಸಿಯಾಗಿದ್ದವು.

"ಎಲ್ಲಾರೂ ಹೊರಗ ಕುಂದ್ರೂಣೇನು?" ಎಂದ ಗುರುರಾಜ. "ಇಲ್ಲೆ ಭಾಳ ಶೆಕಿ ಅದ."

"ಥಂಡ್ಯಾಗ ಶೆಕೀ?" ಬೀರಪ್ಪ ನಕ್ಕ. "ಸಾಹೇಬ್ರು ಅದನ್ನೂ ಮೊಬೈಲ್ ನೋಡೇ ಹೇಳಾಕತ್ತಾರ ನೋಡ್ರಿ!"

ಎಲ್ಲರೂ ನಕ್ಕರು. ಗುರುರಾಜನೂ ನಕ್ಕ.

ಏಳಿ ಎನ್ನಲು ಒಂದೇ ಮಾತು ಸಾಕಿತ್ತು. ಆಮೇಲೆ ಯಾಕೆ ಎನ್ನುತ್ತಾರೆ. ಬಿಚ್ಚಲು ಹೇಳಿದವರು ಯಾರು ಎನ್ನುತ್ತಾರೆ. ಬಾಯಲ್ಲಿ ಹೋಳಿಗೆ ಇತ್ತು. ನುಂಗಿದ ಮೇಲೆ ಹೇಳೋಣ ಎಂದುಕೊಂಡ. ನುಂಗಿದ.

"ಇನ್ನೊಂದು ಹಾಕ್ಲ್ಯಾ?" ಮಾದೇವಿ ಬಾಗಿದಳು.

"ಅರ್ಧ ಸಾಕು."

ಸೆನ್ಸರನ್ನು ಯಾರಿಗೂ ಕಾಣದಂತೆ ಎಡಗೈಯ ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡ. ಮೇಲೆ ನೋಡಲಿಲ್ಲ. ಆರತಿಯ ಹಾಡು ಶುರುವಾಯಿತು. ಹಸಿರು ಬಳೆಗಳು ಸದ್ದು ಮಾಡಿದವು.

ತೊಡೆಯ ಮೇಲಿದ್ದ ಮೊಬೈಲು ಬೆಳಗಿತು. ಬೆವೆತ ಅಂಗೈಯ ಶಾಖಕ್ಕೆ ಗೆರೆ ಮತ್ತೆ ಏರತೊಡಗಿತ್ತು. ಅದರ ಕೆಳಗೆ ಎಂದಿನ ಸಾಲು: ಸ್ಲ್ಯಾಬ್ ಗಟ್ಟಿಯಾಗುತ್ತಿದೆ.